ಜಾಕ್, ಸ್ಟೀಫನ್ ಮತ್ತು ಅವರ ಬೆನ್ನು ಬಿಡದ ಓದುಗರು

ಪ್ಯಾಟ್ರಿಕ್ ಓಬ್ರಿಯನ್ ಬರೆದ ಆಬ್ರಿ–ಮ್ಯಾಟುರಿನ್ ಕಾದಂಬರಿಮಾಲೆಯಲ್ಲಿ ಪೂರ್ತಿಯಾದ 20 ಕಾದಂಬರಿಗಳಿವೆ, ಅರ್ಧಕ್ಕೆ ನಿಂತ 21ನೆಯದೊಂದಿದೆ. ಮೊದಲನೆಯದಾದ ‘ಮಾಸ್ಟರ್ ಅಂಡ್ ಕಮಾಂಡರ್’ 1969ರಲ್ಲಿ ಬಂತು, ಇಪ್ಪತ್ತನೆಯದಾದ ‘ಬ್ಲೂ ಅಟ್ ದ ಮಿಝನ್’ 1999ರಲ್ಲಿ. ನೆಪೋಲಿಯನ್ ಕಾಲದ ಬ್ರಿಟಿಷ್ ನೌಕಾಪಡೆ ಈ ಕಥೆಗಳ ರಂಗಸ್ಥಳ. ಉಗಿಯಂತ್ರ ಇನ್ನೂ ಯುದ್ಧನೌಕೆಗೆ ಬಂದಿರಲಿಲ್ಲ. ಗಾಳಿ, ಹಾಯಿ, ಹಗ್ಗ ಮತ್ತು ಮನುಷ್ಯರ ತೋಳ್ಬಲದಿಂದಲೇ ಹಡಗುಗಳು ಜಗತ್ತು ಸುತ್ತುತ್ತಿದ್ದವು. ಸಮುದ್ರಸಾಹಸದ ಕಾದಂಬರಿಗಳು ಇಂಗ್ಲಿಷಿನಲ್ಲಿ ರಾಶಿರಾಶಿ ಇವೆ, ಅವುಗಳ ಓದುಗರೂ ಬೇಕಾದಷ್ಟಿದ್ದಾರೆ. ಆದರೆ ಓಬ್ರಿಯನ್‌ರ ಓದುಗರ ಜಾತಿಯೇ ಬೇರೆ. ಕೊನೆಯ ಕಾದಂಬರಿ ಮುಗಿಸಿದವರು ಸೀದಾ ಮೊದಲನೆಯದಕ್ಕೆ ಮರಳುತ್ತಾರೆ. ಹೀಗೆ ಇಡೀ ಮಾಲೆಯನ್ನು ಒಂದು ಸುತ್ತು ಮುಗಿಸುವುದಕ್ಕೆ ಅವರು ಇಟ್ಟಿರುವ ಹೆಸರು ಭೂಪ್ರದಕ್ಷಿಣೆ. ನಾಲ್ಕೈದು ಪ್ರದಕ್ಷಿಣೆ ಹಾಕಿದವರು ಆ ಬಳಗದಲ್ಲಿ ಅಪರೂಪವಲ್ಲ.

ಈ ಬಗೆಯ ಕಥೆಗಳಿಗೆ ಹಳೆಯ ವಂಶಾವಳಿಯಿದೆ. 19ನೇ ಶತಮಾನದಲ್ಲಿ ಅದನ್ನು ಜನಪ್ರಿಯಗೊಳಿಸಿದ ಫ್ರೆಡರಿಕ್ ಮ್ಯಾರಿಯಟ್ ಸ್ವತಃ ನೌಕಾಪಡೆಯವರು. ಹುಡುಗನಾಗಿದ್ದಾಗ ಥಾಮಸ್ ಕಾಕ್ರನ್ ಎಂಬ ಹೆಸರಾಂತ ಕಪ್ತಾನನ ಕೈಕೆಳಗೆ ಸಮುದ್ರ ಕಂಡವರು. 20ನೇ ಶತಮಾನದಲ್ಲಿ ಸಿ.ಎಸ್. ಫಾರೆಸ್ಟರ್ 1937ರಿಂದ ಆರಂಭಿಸಿದ ಹಾರ್ನ್‌ಬ್ಲೋವರ್ ಕಾದಂಬರಿಗಳು ಮನೆಮಾತಾದವು. 1966ರಲ್ಲಿ ಫಾರೆಸ್ಟರ್ ತೀರಿಕೊಂಡಾಗ ಅವರ ಜಾಗ ತುಂಬಬಲ್ಲವರನ್ನು ಅಮೆರಿಕದ ಪ್ರಕಾಶಕರು ಹುಡುಕಿದರು. ಕಿರಿಯರಿಗಾಗಿ ‘ದ ಗೋಲ್ಡನ್ ಓಷನ್’ ಎಂಬ ಸಮುದ್ರಯಾನದ ಕಾದಂಬರಿಯನ್ನು 1956ರಲ್ಲಿ ಬರೆದಿದ್ದ ಓಬ್ರಿಯನ್ ಆ ಪ್ರಕಾಶಕರ ಕಣ್ಣಿಗೆ ಬಿದ್ದರು. ಆಗ ಓಬ್ರಿಯನ್‌ಗೆ ಐವತ್ತು ದಾಟಿತ್ತು. ದಕ್ಷಿಣ ಫ್ರಾನ್ಸಿನ ಕೊಲಿಯೂರ್ ಎಂಬ ಕಡಲೂರಿನಲ್ಲಿ ಹೆಂಡತಿ ಮೇರಿಯೊಂದಿಗೆ ದ್ರಾಕ್ಷಿ ಬೆಳೆದುಕೊಂಡು, ಫ್ರೆಂಚಿನಿಂದ ಇಂಗ್ಲಿಷಿಗೆ ಪುಸ್ತಕ ಅನುವಾದಿಸಿ ಜೀವನ ಸಾಗಿಸುತ್ತಿದ್ದರು. ಜಗತ್ತೆಲ್ಲ ಓದಿದ ‘ಪ್ಯಾಪಿಯೋನ್’ ಇಂಗ್ಲಿಷಿಗೆ ಬಂದದ್ದು ಅವರ ಕೈಯಿಂದಲೇ.

ಪ್ರಕಾಶಕರು ಕೇಳಿದ್ದು ಇನ್ನೊಬ್ಬ ಹಾರ್ನ್‌ಬ್ಲೋವರ್‌ನನ್ನು. ಓಬ್ರಿಯನ್ ಕೊಟ್ಟದ್ದು ಇಬ್ಬರು ಮನುಷ್ಯರನ್ನು. ಮಾಲೆಯ ಗುಟ್ಟೆಲ್ಲ ಈ ಒಂದು ತೀರ್ಮಾನದಲ್ಲಿದೆ. ಫಾರೆಸ್ಟರ್‌ನ ನಾಯಕ ಒಂಟಿ. ತನ್ನ ಅಳುಕನ್ನು ತನ್ನೊಳಗೇ ನುಂಗಿಕೊಳ್ಳುವವನು. ಓಬ್ರಿಯನ್‌ರ ಕಥೆ ಆರಂಭವಾಗುವುದೇ ಇಬ್ಬರ ಜಗಳದಿಂದ. 1800ನೇ ಇಸವಿಯಲ್ಲಿ, ಮಿನೋರ್ಕ ದ್ವೀಪದ ಪೋರ್ಟ್ ಮಹೋನ್‌ನಲ್ಲಿ, ಗವರ್ನರನ ಮನೆಯ ಸಂಗೀತ ಕಚೇರಿಯಲ್ಲಿ ಜಾಕ್ ಆಬ್ರಿ ಎಂಬ ದಢೂತಿ ನೌಕಾಧಿಕಾರಿ ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾನೆ, ಅದೂ ತುಸು ತಪ್ಪಾಗಿ. ಪಕ್ಕದ ಕುರ್ಚಿಯ ಸಣಕಲು ಮನುಷ್ಯ ಸ್ಟೀಫನ್ ಮ್ಯಾಟುರಿನ್ ಮೊಣಕೈಯಿಂದ ತಿವಿಯುತ್ತಾನೆ. ಮಾತು ದ್ವಂದ್ವಯುದ್ಧದವರೆಗೂ ಹೋಗುತ್ತದೆ. ಅದೇ ರಾತ್ರಿ ಜಾಕ್‌ಗೆ ಬಡ್ತಿಯ ಪತ್ರ ಕೈಸೇರಿ, ಖುಷಿಯಲ್ಲಿ ಅವನ ಸಿಟ್ಟು ಇಳಿಯುತ್ತದೆ. ಮರುದಿನ ಕ್ಷಮೆ ಕೇಳುತ್ತಾನೆ. ಊಟಕ್ಕೂ ಕಾಸಿಲ್ಲದ ಸ್ಟೀಫನ್ ವೈದ್ಯನೆಂದು ತಿಳಿದು ತನ್ನ ಹಡಗಿಗೆ ಕರೆಯುತ್ತಾನೆ. ಇಪ್ಪತ್ತೂ ಕಾದಂಬರಿಗಳು ಈ ಗೆಳೆತನದ ಏಳುಬೀಳುಗಳು.

ಜಾಕ್ ಸಮುದ್ರದ ಮೇಲೆ ಹುಲಿ, ನೆಲದ ಮೇಲೆ ಹೆಡ್ಡ. ಗಾಳಿಯ ಮನಸ್ಸು ಓದಬಲ್ಲವನು ಮೋಸಗಾರರ ಮನಸ್ಸು ಓದಲಾರ. ಗಳಿಸಿದ್ದನ್ನೆಲ್ಲ ಠಕ್ಕರ ಕೈಗೆ ಕೊಟ್ಟು ಸಾಲಗಾರರಿಂದ ತಪ್ಪಿಸಿಕೊಂಡು ಓಡುತ್ತಾನೆ. ಕಳಪೆ ಶ್ಲೇಷೆ ಹೊಡೆದು ತಾನೇ ಮೊದಲು ನಗುತ್ತಾನೆ. ಸ್ಟೀಫನ್ ಅರ್ಧ ಐರಿಷ್, ಅರ್ಧ ಕ್ಯಾಟಲಾನ್. ವೈದ್ಯ, ಪ್ರಾಣಿ–ಸಸ್ಯಗಳ ಹುಚ್ಚಿನ ನಿಸರ್ಗಶಾಸ್ತ್ರಜ್ಞ, ನೆಪೋಲಿಯನ್‌ನ ಮೇಲಿನ ದ್ವೇಷದಿಂದ ಸಂಬಳವಿಲ್ಲದೆ ದುಡಿಯುವ ಬೇಹುಗಾರ, ಅಫೀಮಿನ ಚಟಕ್ಕೆ ಬಿದ್ದವನು. ಇಪ್ಪತ್ತು ಕಾದಂಬರಿ ಕಳೆದರೂ ದೋಣಿಯಿಂದ ಹಡಗಿಗೆ ಹತ್ತುವಾಗ ನೀರಿಗೆ ಬೀಳುವುದನ್ನು ಅವನು ಬಿಡುವುದಿಲ್ಲ. ರಾತ್ರಿ ಕಪ್ತಾನನ ಕೋಣೆಯಲ್ಲಿ ಒಬ್ಬ ಪಿಟೀಲು, ಇನ್ನೊಬ್ಬ ಚೆಲೋ ಹಿಡಿದು ಕೂರುತ್ತಾರೆ. ಹೊರಗೆ ಪರಿಚಾರಕ ಕಿಲಿಕ್ ಗೊಣಗುತ್ತ ಕಾಫಿ ಮತ್ತು ಬಿಸಿ ಚೀಸ್ ತರುತ್ತಾನೆ. ಓದುಗರಿಗೆ ಈ ಗೊಣಗಾಟ ಎಷ್ಟು ಪ್ರಿಯವೆಂದರೆ, ಕಿಲಿಕ್ ಹತ್ತು ಪುಟ ಕಾಣದಿದ್ದರೆ ಹಡಗಿನಲ್ಲಿ ಏನೋ ಎಡವಟ್ಟಾಗಿದೆ ಎನಿಸುತ್ತದೆ.

ಈ ಪುಸ್ತಕಗಳು ಸುಲಭವಲ್ಲ. ಹಾಯಿಹಡಗಿನ ಪ್ರತಿ ಹಗ್ಗಕ್ಕೂ, ಪ್ರತಿ ಹಾಯಿಗೂ, ಪ್ರತಿ ಮರದ ತುಂಡಿಗೂ ಒಂದು ಹೆಸರು. ಓಬ್ರಿಯನ್ ಯಾವುದನ್ನೂ ನಿಂತು ಬಿಡಿಸಿ ಹೇಳುವುದಿಲ್ಲ. ಮೊದಲ ಕಾದಂಬರಿಯಲ್ಲಿ ಒಬ್ಬ ಕಿರಿಯ ನಾವಿಕ ಸ್ಟೀಫನ್‌ನನ್ನು ಹಡಗು ಸುತ್ತಿಸಿ ಒಂದೊಂದನ್ನೂ ಪರಿಚಯಿಸುವ ಸನ್ನಿವೇಶವಿದೆ. ಕೇಳುವ ಸ್ಟೀಫನ್‌ಗೂ ತಲೆಗೆ ಹೋಗುವುದಿಲ್ಲ, ಓದುವವರಿಗೂ ಹೋಗುವುದಿಲ್ಲ. ಈ ಜಾಣತನವನ್ನು ಗಮನಿಸಬೇಕು: ನೆಲದವನಾದ ಸ್ಟೀಫನ್ ಓದುಗನ ಪ್ರತಿನಿಧಿ. ಅವನಿಗೇ ಅರ್ಥವಾಗದಿದ್ದರೆ ಓದುಗನೂ ನಾಚಬೇಕಿಲ್ಲ. ಮೊದಲ ನೂರು ಪುಟಗಳಲ್ಲಿ ಕೈಚೆಲ್ಲಿದವರು ಅನೇಕ. ದಾಟಿದವರಿಗೆ ಮಾತ್ರ, ಮೂರನೆಯ ಕಾದಂಬರಿಯ ಹೊತ್ತಿಗೆ, ಚಂಡಮಾರುತದಲ್ಲಿ ಯಾವ ಹಾಯಿ ಮೊದಲು ಇಳಿಸಬೇಕೆಂಬ ತರ್ಕ ತಮಗರಿವಿಲ್ಲದೆಯೇ ಹಿಡಿಯಲಾರಂಭಿಸುತ್ತದೆ. ಕಷ್ಟಪಟ್ಟು ಗಳಿಸಿದ ಭಾಷೆಯನ್ನು ಯಾರೂ ಹಗುರಾಗಿ ಕೈಬಿಡುವುದಿಲ್ಲ. ಓಬ್ರಿಯನ್ ಓದುಗರ ನಿಷ್ಠೆಯ ಒಂದು ಬೇರು ಇಲ್ಲಿದೆ.

ಇನ್ನೊಂದು ಬೇರು ಇತಿಹಾಸದಲ್ಲಿದೆ. ಓಬ್ರಿಯನ್ ಯುದ್ಧಗಳನ್ನು ಕಟ್ಟಿದ್ದು ಬಹುಮಟ್ಟಿಗೆ ದಾಖಲೆಗಳ ಮೇಲೆ: ಹಡಗುಗಳ ದಿನಚರಿ, ಕಪ್ತಾನರ ಅಧಿಕೃತ ಪತ್ರ, ನೌಕಾ ನ್ಯಾಯಾಲಯದ ಕಡತ, ಆ ಕಾಲದ ‘ನೇವಲ್ ಕ್ರಾನಿಕಲ್’ ಪತ್ರಿಕೆ. ಮೊದಲ ಕಾದಂಬರಿಯ ಮುಖ್ಯ ಕಾಳಗ ಯಾರಿಗಾದರೂ ಉತ್ಪ್ರೇಕ್ಷೆ ಎನಿಸುವಂಥದ್ದು. ಜಾಕ್‌ನ ಪುಟ್ಟ ಹಡಗು ‘ಸೋಫಿ’ ತನಗಿಂತ ಎಷ್ಟೋ ಪಾಲು ದೊಡ್ಡ ಸ್ಪ್ಯಾನಿಷ್ ಹಡಗನ್ನು ಸೆರೆಹಿಡಿಯುತ್ತದೆ. ಆದರೆ 1801ರ ಮೇ 6ರಂದು ಬಾರ್ಸಿಲೋನದ ಬಳಿ ನಡೆದದ್ದು ಹಾಗೆಯೇ. ಕಾಕ್ರನ್‌ನ ‘ಸ್ಪೀಡಿ’ಯಲ್ಲಿದ್ದುದು 14 ಸಣ್ಣ ತೋಪು, 54 ಜನ, ಎದುರಾಳಿ ‘ಗಾಮೊ’ದಲ್ಲಿ 32 ತೋಪು, 319 ಜನ. ಗೆದ್ದದ್ದು ಕಾಕ್ರನ್. ಮ್ಯಾರಿಯಟ್‌ಗೆ ಗುರುವಾಗಿದ್ದ ಅದೇ ಕಾಕ್ರನ್ ಒಂದೂವರೆ ಶತಮಾನದ ಮೇಲೆ ಜಾಕ್ ಆಬ್ರಿಗೆ ಮಾದರಿಯಾದ. ಮುಂದೆ ‘ದ ಮಾರಿಷಸ್ ಕಮಾಂಡ್’ ಬ್ರಿಟಿಷರು ಹಿಂದೂ ಮಹಾಸಾಗರದ ಫ್ರೆಂಚ್ ದ್ವೀಪಗಳನ್ನು ಕಿತ್ತುಕೊಂಡ ದಂಡಯಾತ್ರೆಯ ಕಥೆ. ‘ದ ಫಾರ್ಚೂನ್ ಆಫ್ ವಾರ್’ನಲ್ಲಿ 1813ರ ಜೂನ್ 1ರಂದು ಬಾಸ್ಟನ್ ಹೊರಗಡೆ ‘ಶ್ಯಾನನ್’ ಮತ್ತು ‘ಚೆಸಪೀಕ್’ ನಡುವೆ ನಡೆದ ಕಾಳಗ ಬರುತ್ತದೆ. ಕಾದಂಬರಿ ಮುಗಿಸಿ ಇತಿಹಾಸದ ಪುಸ್ತಕ ತೆರೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಈ ಓದುಗರ ಇಷ್ಟದ ಹವ್ಯಾಸ.

ಕಾಕ್ರನ್‌ನ ಬದುಕಿನ ಕಹಿಯನ್ನೂ ಓಬ್ರಿಯನ್ ಬಳಸಿಕೊಂಡರು. 1814ರಲ್ಲಿ ಲಂಡನ್ ಷೇರುಪೇಟೆಯ ವಂಚನೆಯೊಂದರಲ್ಲಿ ಕಾಕ್ರನ್ ಅಪರಾಧಿಯೆಂದು ತೀರ್ಪಾಯಿತು. ಸಾರ್ವಜನಿಕವಾಗಿ ಕಟ್ಟೆಯ ಮೇಲೆ ಕುತ್ತಿಗೆ, ಕೈ ಸಿಕ್ಕಿಸಿ ನಿಲ್ಲಿಸುವ ಶಿಕ್ಷೆಯೂ ಸೇರಿತ್ತು. ಅದನ್ನು ಕೊನೆಗೆ ಜಾರಿಮಾಡಲಿಲ್ಲ. ‘ದ ರಿವರ್ಸ್ ಆಫ್ ದ ಮೆಡಲ್’ನಲ್ಲಿ ಜಾಕ್‌ಗೆ ಆ ರಿಯಾಯಿತಿ ಇಲ್ಲ. ಅವನನ್ನು ಕಟ್ಟೆಗೆ ತರುವ ಹೊತ್ತಿಗೆ ಎಲ್ಲೆಲ್ಲಿಂದಲೋ ಬಂದ ನಾವಿಕರು ಚೌಕವನ್ನು ತುಂಬಿರುತ್ತಾರೆ. ಕಲ್ಲು ಹೊಡೆಯಲು ಬಂದ ಬಾಡಿಗೆ ಪುಂಡರನ್ನು ಅಟ್ಟಿ, ಟೋಪಿ ತೆಗೆದು ನಿಲ್ಲುತ್ತಾರೆ. ಮಾಲೆಯ ಅತ್ಯಂತ ಉಜ್ವಲ ಪುಟಗಳು ಯಾವುವೆಂದು ಕೇಳಿದರೆ ಓದುಗರಲ್ಲಿ ಬಹಳ ಮಂದಿ ಇವನ್ನೇ ತೋರಿಸುತ್ತಾರೆ. ಹನ್ನೊಂದನೆಯ ಕಾದಂಬರಿಯಲ್ಲಿ ಬರುವ ಈ ಘಟನೆಯ ಪೂರ್ಣ ಬಲ ಹಿಂದಿನ ಹತ್ತನ್ನು ಓದಿದವರಿಗಷ್ಟೇ ದಕ್ಕುತ್ತದೆ. ಜಾಕ್‌ಗೆ ನೌಕಾಪಡೆಯೆಂದರೆ ಏನೆಂದು ಬಲ್ಲವರಿಗೆ ಮಾತ್ರ ಅದರಿಂದ ಹೊರದಬ್ಬಿಸಿಕೊಳ್ಳುವುದೆಂದರೆ ಏನೆಂಬುದು ತಿಳಿದೀತು.

ಇತಿಹಾಸಕ್ಕೆ ಇಷ್ಟು ನಿಷ್ಠರಾಗಿದ್ದ ಲೇಖಕರು ಪಂಚಾಂಗದೊಂದಿಗೆ ಮಾತ್ರ ಆಟವಾಡಿದರು. ನೆಪೋಲಿಯನ್ ಯುದ್ಧ 1815ಕ್ಕೆ ಮುಗಿಯುತ್ತದೆ, ಬರೆಯಬೇಕಾದ ಕಥೆಗಳೋ ಇನ್ನೂ ಬಹಳ. ‘ದ ಫಾರ್ ಸೈಡ್ ಆಫ್ ದ ವರ್ಲ್ಡ್’ನ ಮುನ್ನುಡಿಯಲ್ಲಿ, ಇಷ್ಟು ಪುಸ್ತಕ ಬರೆಯುವೆನೆಂದು ಮೊದಲೇ ತಿಳಿದಿದ್ದರೆ ಕಥೆಯನ್ನು ಇನ್ನೂ ಹಿಂದಿನಿಂದ ಶುರುಮಾಡುತ್ತಿದ್ದೆ ಎಂಬರ್ಥದಲ್ಲಿ ಒಪ್ಪಿಕೊಂಡು, 1812ನೇ ಇಸವಿಯನ್ನೇ ಹಿಗ್ಗಿಸಲು ಓದುಗರ ಅನುಮತಿ ಬೇಡಿದರು. ಹೀಗಾಗಿ ಮಾಲೆಯ ಮಧ್ಯದ ಕಾದಂಬರಿಗಳಲ್ಲಿ ಹಡಗು ಶಾಂತಸಾಗರ, ಮಲಯ ದ್ವೀಪಗಳು, ಪೆರು ಎಲ್ಲ ಸುತ್ತಿ ಬರುತ್ತದೆ, ಯುದ್ಧ ಮಾತ್ರ ಮುಗಿಯುವುದಿಲ್ಲ. ಹೆತ್ತವರು ಸಮುದ್ರದಲ್ಲಿರುವಾಗ ಮಕ್ಕಳ ವಯಸ್ಸು ಹೇಗೆ ಬೆಳೆಯಿತೆಂದು ಲೆಕ್ಕ ಹಾಕಿ ತಲೆಕೆಡಿಸಿಕೊಂಡ ಓದುಗರಿದ್ದಾರೆ. ಹೆಚ್ಚಿನವರು ಲೇಖಕರನ್ನು ಕ್ಷಮಿಸಿದ್ದಾರೆ.

ಭಾರತದ ಓದುಗರು ಎರಡು ಬಾರಿ ನಿಂತು ಓದಬೇಕಾದದ್ದು ಮೂರನೆಯ ಕಾದಂಬರಿ ‘ಎಚ್‌ಎಂಎಸ್ ಸರ್‌ಪ್ರೈಸ್’. ಶ್ರೀರಂಗಪಟ್ಟಣ ಬಿದ್ದು ಕೆಲವೇ ವರ್ಷಗಳಾದ ಕಾಲ. ರಾಯಭಾರಿಯೊಬ್ಬನನ್ನು ಪೂರ್ವಕ್ಕೆ ಕರೆದೊಯ್ಯುವ ಹಡಗು ಬೊಂಬಾಯಿಯಲ್ಲಿ ತಂಗುತ್ತದೆ. ಉಳಿದ ಅಧಿಕಾರಿಗಳು ಔತಣಗಳಲ್ಲಿ ಮುಳುಗಿರುವಾಗ ಸ್ಟೀಫನ್ ಸ್ಥಳೀಯರ ಉಡುಪಿನಲ್ಲಿ ಬೀದಿ ಅಲೆಯುತ್ತಾನೆ. ಅವನಿಗೆ ದಾರಿ ತೋರಿಸುವವಳು ದಿಲ್ ಎಂಬ ಬಡ ಹುಡುಗಿ. ಅವಳ ಆಸೆಯಂತೆ ಅವನು ಬೆಳ್ಳಿಯ ಬಳೆ ಕೊಡಿಸುತ್ತಾನೆ. ಆ ಬಳೆಗಾಗಿಯೇ ಯಾರೋ ಅವಳನ್ನು ಕೊಲ್ಲುತ್ತಾರೆ. ಓಬ್ರಿಯನ್ ಇದನ್ನು ಕೆಲವೇ ಪುಟಗಳಲ್ಲಿ, ಕಣ್ಣೀರು ಹಿಂಡುವ ಒಂದು ಪದವೂ ಇಲ್ಲದೆ ಮುಗಿಸುತ್ತಾರೆ. ಸಾಹಸಕಥೆಯೆಂದು ಕೈಗೆತ್ತಿಕೊಂಡವರನ್ನು ಬೇರೆಯದೇ ದರ್ಜೆಯ ಸಾಹಿತ್ಯದ ಮುಂದೆ ತಂದು ನಿಲ್ಲಿಸುವ ಪುಟಗಳಿವು. ಹಡಗಿಗೆ ತಂದ ಸ್ಲಾತ್ ಎಂಬ ಮೈಗಳ್ಳ ಪ್ರಾಣಿ ಜಾಕ್‌ನ ಮುಖ ಕಂಡರೆ ಅಳುವುದು, ಅವನು ಅದಕ್ಕೆ ಮದ್ಯದಲ್ಲಿ ನೆನೆಸಿದ ಕೇಕು ತಿನ್ನಿಸಿ ಒಲಿಸಿಕೊಳ್ಳುವುದು, ಸ್ಟೀಫನ್ ಕನಲುವುದು, ಇದೆಲ್ಲ ಇರುವುದೂ ಇದೇ ಕಾದಂಬರಿಯಲ್ಲಿ.

ಇಲ್ಲೊಂದು ಪ್ರಶ್ನೆ ಸಹಜ. ನಮ್ಮನ್ನಾಳಿದ ಸಾಮ್ರಾಜ್ಯದ ನೌಕಾಪಡೆಯ ಗುಣಗಾನವನ್ನು ಭಾರತೀಯರು ಯಾಕೆ ಓದಬೇಕು? ಉತ್ತರ ಸ್ಟೀಫನ್‌ನಲ್ಲಿದೆ. ಅವನು ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಯುನೈಟೆಡ್ ಐರಿಷ್‌ಮೆನ್ ಸಂಘದಲ್ಲಿದ್ದವನು. ಹಡಗಿನಲ್ಲಿ ಬಾರುಕೋಲಿನ ಶಿಕ್ಷೆ, ಹಿಡಿದು ತಂದ ಬಡವರ ದುಡಿಮೆ, ಗುಲಾಮರ ವ್ಯಾಪಾರ, ದೊರೆತನದ ದರ್ಪ ಎಲ್ಲವನ್ನೂ ಜಾಕ್‌ನ ಎದುರೇ ಟೀಕಿಸುತ್ತಾನೆ. ಜಾಕ್ ಕಟ್ಟಾ ರಾಜಭಕ್ತ. ಇಬ್ಬರೂ ಒಪ್ಪುವುದಿಲ್ಲ, ಬಿಡುವುದೂ ಇಲ್ಲ. ಸಾಮ್ರಾಜ್ಯವನ್ನು ಒಳಗಿನಿಂದ ಪ್ರಶ್ನಿಸುವ ಈ ದನಿಯಿಲ್ಲದೆ ಹೋಗಿದ್ದರೆ ಮಾಲೆ ಬರೀ ತುತ್ತೂರಿಯಾಗುತ್ತಿತ್ತು.

ಇಷ್ಟಾದರೂ ಮೊದಲ ಇಪ್ಪತ್ತು ವರ್ಷ ಈ ಪುಸ್ತಕಗಳಿಗೆ ದೊಡ್ಡ ಹೆಸರು ಬರಲಿಲ್ಲ. ಬ್ರಿಟನ್ನಿನಲ್ಲಿ ಸಾಧಾರಣವಾಗಿ ಮಾರಾಟವಾದವು. ಐರಿಸ್ ಮರ್ಡಕ್ ಮತ್ತು ಅವರ ಪತಿ, ವಿಮರ್ಶಕ ಜಾನ್ ಬೇಯ್ಲಿ, ಎ.ಎಸ್. ಬಯಟ್ ಮೊದಲಾದ ಸಾಹಿತಿಗಳು ಮೆಚ್ಚಿ ಓದುತ್ತಿದ್ದರು. ಅಮೆರಿಕದಲ್ಲಿ ಆರಂಭದ ಕೆಲವು ಪುಸ್ತಕಗಳು ಬಂದು, ಮಾರಾಟವಾಗದೆ ನಿಂತೇಹೋದವು. 1980ರ ದಶಕದುದ್ದಕ್ಕೂ ಅಲ್ಲಿನ ಪ್ರಕಾಶಕರು ಇತ್ತ ತಿರುಗಿ ನೋಡಲಿಲ್ಲ. ಕೊನೆಗೆ ನಾರ್ಟನ್ ಪ್ರಕಾಶನದ ಸಂಪಾದಕ ಸ್ಟಾರ್ಲಿಂಗ್ ಲಾರೆನ್ಸ್ ಲಂಡನ್ನಿನಿಂದ ಮರಳುವಾಗ ವಿಮಾನದಲ್ಲಿ ‘ದ ರಿವರ್ಸ್ ಆಫ್ ದ ಮೆಡಲ್’ ಓದಿ ಮರುಳಾದರು. 1990ರಿಂದ ನಾರ್ಟನ್ ಇಡೀ ಮಾಲೆಯನ್ನು ಹೊರತರಲಾರಂಭಿಸಿತು. 1991ರ ಜನವರಿಯಲ್ಲಿ ಇತಿಹಾಸ ಪತ್ರಿಕೆಯೊಂದರ ಸಂಪಾದಕ ರಿಚರ್ಡ್ ಸ್ನೋ ‘ನ್ಯೂಯಾರ್ಕ್ ಟೈಮ್ಸ್’ನ ಪುಸ್ತಕ ಪುರವಣಿಯಲ್ಲಿ, ಇವು ಈವರೆಗೆ ಬಂದ ಐತಿಹಾಸಿಕ ಕಾದಂಬರಿಗಳಲ್ಲೇ ಶ್ರೇಷ್ಠವೆಂದು ಬರೆದರು. ಅಲ್ಲಿಂದ ಮುಂದೆ ಮಾರಾಟ ಲಕ್ಷಗಳಿಗೆ ಏರಿತು. ಎಪ್ಪತ್ತೈದು ದಾಟಿದ ಮೇಲೆ ಓಬ್ರಿಯನ್ ಪ್ರಸಿದ್ಧರಾದರು.

ಹೊಸದಾಗಿ ಬಂದ ಓದುಗರಿಗೆ ಒಂದು ಅನುಕೂಲವಿತ್ತು: ಹನ್ನೆರಡಕ್ಕೂ ಹೆಚ್ಚು ಪುಸ್ತಕಗಳು ಆಗಲೇ ಸಿದ್ಧವಿದ್ದವು, ಮೇಲಾಗಿ ಒಂದೆರಡು ವರ್ಷಕ್ಕೊಮ್ಮೆ ಹೊಸದು ಬರುತ್ತಿತ್ತು. ಈ ಕಾಲದಲ್ಲೇ ಅಭಿಮಾನವು ಒಂದು ಸಂಸ್ಕೃತಿಯಾಯಿತು. ನಾರ್ಟನ್ ಓದುಗರಿಗಾಗಿ ವಾರ್ತಾಪತ್ರವನ್ನೇ ಹೊರಡಿಸಿತು. ಡೀನ್ ಕಿಂಗ್ ಎಂಬ ಓದುಗರು ನೌಕಾ ಇತಿಹಾಸಕಾರ ಜಾನ್ ಹ್ಯಾಟನ್‌ಡಾರ್ಫ್ ಮತ್ತು ವೈದ್ಯಕೀಯ ಇತಿಹಾಸ ಬಲ್ಲ ವರ್ತ್ ಎಸ್ಟೀಸ್ ಜೊತೆ ಸೇರಿ 1995ರಲ್ಲಿ ಮಾಲೆಗೊಂದು ನಿಘಂಟು ಕಟ್ಟಿದರು. ಮರುವರ್ಷ ಕಥೆಯ ಯಾನಗಳನ್ನೆಲ್ಲ ಗುರುತಿಸಿದ ಭೂಪಟಗಳ ಪುಸ್ತಕ ಬಂತು. ಆಂಟನಿ ಗ್ಯಾರಿ ಬ್ರೌನ್ ಮಾಲೆಯಲ್ಲಿ ಬರುವ ಪ್ರತಿಯೊಬ್ಬ ಮನುಷ್ಯ, ಪ್ರಾಣಿ, ಹಡಗು, ಕೊನೆಗೆ ಹೆಸರಿಟ್ಟ ತೋಪುಗಳ ಹಾಜರಿ ಪಟ್ಟಿಯನ್ನೂ ತಯಾರಿಸಿದರು. ಜಾಕ್–ಸ್ಟೀಫನ್ ನುಡಿಸುವ ಲೊಕಾಟೆಲ್ಲಿ, ಬೊಕರಿನಿ, ಕೊರೆಲ್ಲಿಯರ ಕೃತಿಗಳು ಧ್ವನಿಮುದ್ರಿಕೆಗಳಾದವು. ಹೊದಿಕೆಯ ಹಡಗುಚಿತ್ರಗಳನ್ನು ಬರೆದ ಜೆಫ್ ಹಂಟ್ ಸ್ವಂತ ಅಭಿಮಾನಿಗಳನ್ನು ಗಳಿಸಿದರು. ಹೊದಿಕೆಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುವವರಿದ್ದಾರೆ.

ಎಲ್ಲಕ್ಕಿಂತ ಮೋಜಿನದು ಅಡುಗೆ ಪುಸ್ತಕ. ಆನ್ ಚಾಟ್ಸಿನಾಫ್ ಗ್ರಾಸ್‌ಮನ್ ಮತ್ತು ಲಿಸಾ ಗ್ರಾಸ್‌ಮನ್ ಥಾಮಸ್ ಎಂಬ ತಾಯಿ–ಮಗಳು 1997ರಲ್ಲಿ ‘ಲಾಬ್‌ಸ್ಕೌಸ್ ಅಂಡ್ ಸ್ಪಾಟೆಡ್ ಡಾಗ್’ ಹೊರತಂದರು. ಕಾದಂಬರಿಗಳಲ್ಲಿ ಬರುವ ಊಟ–ತಿಂಡಿಗಳನ್ನೆಲ್ಲ ಹಳೆಯ ದಾಖಲೆ ಹುಡುಕಿ ಮಾಡಿ ನೋಡಿದ ಪುಸ್ತಕವಿದು: ಉಪ್ಪು ಮಾಂಸ ಮತ್ತು ಕಲ್ಲಿನಂಥ ಬಿಸ್ಕತ್ತಿನ ಗಂಜಿ, ಕೊಬ್ಬು ಬೆರೆಸಿ ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಕಡುಬು, ಪಾನಕಗಳು. ದೂರಯಾನದಲ್ಲಿ ಆಹಾರ ಮುಗಿದಾಗ ಕಿರಿಯ ನಾವಿಕರು ಇಲಿ ತಿನ್ನುವ ಪ್ರಸಂಗಗಳಿವೆಯಲ್ಲ, ಈರುಳ್ಳಿ ಗೊಜ್ಜಿನಲ್ಲಿ ಇಲಿ ಮಾಡುವ ವಿಧಾನವನ್ನೂ ಅವರು ಬಿಡಲಿಲ್ಲ. ಓಬ್ರಿಯನ್ ಸ್ವತಃ ಪುಸ್ತಕಕ್ಕೆ ಮುನ್ನುಡಿ ಬರೆದರು.

ಹಡಗನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಈ ಓದುಗರನ್ನು ಊರೂರು ಅಲೆಸುತ್ತದೆ. ಪೋರ್ಟ್ಸ್‌ಮತ್‌ನಲ್ಲಿ ನೆಲ್ಸನ್‌ನ ‘ವಿಕ್ಟರಿ’, ಬಾಸ್ಟನ್ನಿನಲ್ಲಿ ‘ಕಾನ್‌ಸ್ಟಿಟ್ಯೂಷನ್’ ಇವೆ. ಆಬ್ರಿಯ ‘ಸರ್‌ಪ್ರೈಸ್’ ಜಾತಿಗೆ ಸೇರಿದ ಬ್ರಿಟಿಷ್ ಫ್ರಿಗೇಟ್ ಒಂದನ್ನು ನೀರಿನ ಮೇಲೆ ಕಾಣಬೇಕಾದರೆ ಉತ್ತರ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ಗೆ ಹೋಗಬಹುದು. ಅಲ್ಲಿರುವ ‘ಟ್ರಿಂಕೋಮಲಿ’ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ. ಬೊಂಬಾಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರ್ಸಿ ಕುಶಲಿಗಳು ಮಲಬಾರಿನ ತೇಗದಿಂದ ಕಟ್ಟಿ 1817ರ ಅಕ್ಟೋಬರಿನಲ್ಲಿ ನೀರಿಗಿಳಿಸಿದ್ದು ಅದನ್ನು. ಯೂರೋಪಿನ ಓಕ್ ಹಡಗುಗಳು ಕೊಳೆತು ಹೋದಾಗಲೂ ಪಶ್ಚಿಮ ಕರಾವಳಿಯ ತೇಗ ಗಟ್ಟಿಯಾಗಿ ಉಳಿಯಿತು.

ಈ ಪ್ರೀತಿಗೆ ಕಠಿಣ ಪರೀಕ್ಷೆ ಬಂದದ್ದು ಲೇಖಕರ ಬದುಕಿನಿಂದಲೇ. ಓಬ್ರಿಯನ್ ಐರ್ಲೆಂಡಿನವರೆಂದು ಎಲ್ಲರೂ ನಂಬಿದ್ದರು, ಅವರೂ ನಂಬಲು ಬಿಟ್ಟಿದ್ದರು. 1990ರ ದಶಕದ ಕೊನೆಯಲ್ಲಿ ಬ್ರಿಟಿಷ್ ಮಾಧ್ಯಮಗಳು ನಿಜ ಹೊರಗೆಳೆದವು. ಅವರು 1914ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರ್‌ನಲ್ಲಿ ಹುಟ್ಟಿದ ರಿಚರ್ಡ್ ಪ್ಯಾಟ್ರಿಕ್ ರಸ್. 1945ರಲ್ಲಿ ಕಾನೂನಿನ ಮೂಲಕ ಹೆಸರು ಬದಲಿಸಿಕೊಂಡಿದ್ದರು. ಅದಕ್ಕೂ ಮೊದಲು ಹೆಂಡತಿ ಮತ್ತು ಮಕ್ಕಳಿದ್ದ ಒಂದು ಸಂಸಾರವನ್ನು ತೊರೆದಿದ್ದರು. ಹಳೆಯ ಹೆಸರಿನಲ್ಲಿ ಹದಿನೈದರ ಹರೆಯದಿಂದಲೇ ಪುಸ್ತಕ ಪ್ರಕಟಿಸಿದ್ದರು. ಅವುಗಳಲ್ಲೊಂದು, 1938ರ ‘ಹುಸೇನ್’, ಭಾರತದ ಮಾವುತರ ಹುಡುಗನೊಬ್ಬನ ಕಥೆ, ಭಾರತವನ್ನು ಕಾಣದೆಯೇ ಬರೆದದ್ದು. ಅವರು ತೀರಿಕೊಂಡ ಕೆಲವೇ ತಿಂಗಳಲ್ಲಿ ಇನ್ನೊಂದು ಸುದ್ದಿ ಬಂತು. ಅಭಿಮಾನಿಯಾದ ಉದ್ಯಮಿ ಟಾಮ್ ಪರ್ಕಿನ್ಸ್ ತಮ್ಮ ಹಾಯಿದೋಣಿಯಲ್ಲಿ ಅವರನ್ನು ಕರೆದೊಯ್ದಿದ್ದರು. ಹಾಯಿ ನಡೆಸುವುದರಲ್ಲಿ ಲೇಖಕರಿಗೆ ಪ್ರಾಯೋಗಿಕ ಜ್ಞಾನ ಹೆಚ್ಚುಕಡಿಮೆ ಇಲ್ಲವೆಂದು ಬರೆದುಬಿಟ್ಟರು.

ಓದುಗರಲ್ಲಿ ಬೇಸರವಾಯಿತು, ಚರ್ಚೆಯಾಯಿತು. ಪುಸ್ತಕಗಳನ್ನು ಮಾತ್ರ ಯಾರೂ ಕಪಾಟಿನಿಂದ ಇಳಿಸಲಿಲ್ಲ. ಕಾದಂಬರಿಗಳಲ್ಲಿ ಒಬ್ಬ ಬೇಹುಗಾರ ತನ್ನ ಬಗ್ಗೆ ಯಾರಿಗೂ ಏನೂ ಹೇಳದಿರುವ ಕಲೆಯನ್ನು ಇಪ್ಪತ್ತು ಸಂಪುಟಗಳ ಉದ್ದಕ್ಕೂ ಮೆರೆದಿದ್ದ. ಅವನನ್ನು ಸೃಷ್ಟಿಸಿದವರ ಗುಟ್ಟಿನ ಬದುಕು ಕಂಡು ಅಚ್ಚರಿಪಡಲು ಕಾರಣ ಕಡಿಮೆ. ಹಗ್ಗ ಹಿಡಿಯದವರು ದಾಖಲೆಗಳಿಂದಲೇ ಇಂಥ ಸಮುದ್ರ ಕಟ್ಟಿದರೆಂಬುದು, ಸರಿಯಾಗಿ ನೋಡಿದರೆ, ಅವರ ಪ್ರತಿಭೆಗೆ ಸಂದ ದೊಡ್ಡ ಪ್ರಮಾಣಪತ್ರ.

ಓದುಗರಿಗೆ ನಿಜವಾಗಿ ನೋವಾದದ್ದು ಹತ್ತೊಂಬತ್ತನೆಯ ಕಾದಂಬರಿ ‘ದ ಹಂಡ್ರೆಡ್ ಡೇಸ್’ನಿಂದ. ಮೇರಿ ತೀರಿಕೊಂಡ 1998ರಲ್ಲೇ ಬಂದ ಈ ಪುಸ್ತಕದ ಆರಂಭದಲ್ಲೇ ಸ್ಟೀಫನ್‌ನ ಹೆಂಡತಿ ಡಯಾನಾ ಗಾಡಿ ಅಪಘಾತದಲ್ಲಿ ಸತ್ತ ವಿಷಯ ಯಾರದೋ ಬಾಯಲ್ಲಿ ಹಾದುಹೋಗುತ್ತದೆ. ಕೊನೆಗೆ, ಮೊದಲ ಸಂಪುಟದಿಂದ ಜೊತೆಗಿದ್ದ ನಾವಿಕ ಬಾಂಡನ್ ಕಾಳಗವೊಂದರಲ್ಲಿ ಒಂದೇ ವಾಕ್ಯದಲ್ಲಿ ಇಲ್ಲವಾಗುತ್ತಾನೆ. ಯುದ್ಧದಲ್ಲಿ ಸಾವು ಹಾಗೇ ಬರುತ್ತದೆ ಎನ್ನುವವರೂ, ಲೇಖಕರು ದಣಿದಿದ್ದರು ಎನ್ನುವವರೂ ಇಂದಿಗೂ ವಾದಿಸುತ್ತಾರೆ. ಎರಡನೆಯವರ ಮಾತಿನಲ್ಲಿ ಹುರುಳಿದೆ: ಕೊನೆಯ ಮೂರು ಕಾದಂಬರಿಗಳಲ್ಲಿ ಹಿಂದಿನ ಬಿಗಿ ಇಲ್ಲ. 2000ದ ಜನವರಿ 2ರಂದು ಓಬ್ರಿಯನ್ ಡಬ್ಲಿನ್‌ನಲ್ಲಿ ತೀರಿಕೊಂಡರು. ಮೇಜಿನ ಮೇಲಿದ್ದ ಅಪೂರ್ಣ ಹಸ್ತಪ್ರತಿ 2004ರಲ್ಲಿ ಅವರ ಕೈಬರಹದ ಪುಟಗಳ ಸಮೇತ ಪ್ರಕಟವಾಯಿತು. ಅದನ್ನು ಯಾರೂ ಮುಗಿಸಲಿಲ್ಲ.

2003ರಲ್ಲಿ ಪೀಟರ್ ವಿಯರ್ ನಿರ್ದೇಶಿಸಿದ ಚಲನಚಿತ್ರ ಹೊಸ ಪೀಳಿಗೆಯನ್ನು ಪುಸ್ತಕಗಳತ್ತ ತಂದಿತು. ರಸೆಲ್ ಕ್ರೋ ಜಾಕ್ ಆಗಿ, ಪಾಲ್ ಬೆಟನಿ ಸ್ಟೀಫನ್ ಆಗಿ ನಟಿಸಿದರು. ಹತ್ತು ಆಸ್ಕರ್ ನಾಮನಿರ್ದೇಶನಗಳಲ್ಲಿ ಛಾಯಾಗ್ರಹಣ ಮತ್ತು ಧ್ವನಿ ಸಂಕಲನಕ್ಕೆ ಪ್ರಶಸ್ತಿ ಬಂತು. ‘ದ ಫಾರ್ ಸೈಡ್ ಆಫ್ ದ ವರ್ಲ್ಡ್’ ಕಾದಂಬರಿಯಲ್ಲಿ ಅಮೆರಿಕನ್ನರದಾಗಿದ್ದ ಶತ್ರು ಹಡಗು ಚಿತ್ರದಲ್ಲಿ ಫ್ರೆಂಚರದಾಯಿತು, ಕಾಲ 1812ರಿಂದ 1805ಕ್ಕೆ ಹೋಯಿತು. ಹಳೆಯ ಓದುಗರು ಸ್ಟೀಫನ್ ಇಷ್ಟು ಚೆಲುವನಲ್ಲ ಎಂದು ತಕರಾರು ತೆಗೆದು, ಚಿತ್ರವನ್ನು ಮತ್ತೆ ಮತ್ತೆ ನೋಡಿದರು. ಚಿತ್ರಕ್ಕಾಗಿ ‘ಸರ್‌ಪ್ರೈಸ್’ ವೇಷ ತೊಟ್ಟ ಪ್ರತಿಕೃತಿ ಹಡಗು ಈಗ ಸ್ಯಾನ್ ಡಿಯೇಗೊ ಸಮುದ್ರ ವಸ್ತುಸಂಗ್ರಹಾಲಯದಲ್ಲಿದೆ. ಸಾಹಿತ್ಯದೊಳಗಿನ ಪ್ರಭಾವವೂ ಸಣ್ಣದಲ್ಲ. ನೆಪೋಲಿಯನ್ ಯುದ್ಧಕ್ಕೆ ಹಾರುವ ಡ್ರ್ಯಾಗನ್‌ಗಳನ್ನು ತಂದ ನಯೋಮಿ ನೊವಿಕ್‌ರ ‘ಟೆಮರೇರ್’ ಮಾಲೆ ಓಬ್ರಿಯನ್ ಓದಿನಿಂದ ಹುಟ್ಟಿದ್ದು.

ಮುಂದೇನಾಗುತ್ತದೆ ಎಂದು ಗೊತ್ತಿರುವ ಕಥೆಯನ್ನು ಐದನೆಯ ಬಾರಿ ಯಾಕೆ ಓದುತ್ತಾರೆ? ತಾಳಮದ್ದಳೆ ಕೇಳಲು ಹೋಗುವವರಿಗೂ ಕರ್ಣ ಸಾಯುತ್ತಾನೆಂದು ಗೊತ್ತಿರುತ್ತದೆ. ಅವರು ಹೋಗುವುದು ಮಾತಿಗಾಗಿ. ಓಬ್ರಿಯನ್ ಓದುಗರೂ ಮೊದಲ ಸುತ್ತಿನಲ್ಲಿ ಕಾಳಗಕ್ಕಾಗಿ ಓದುತ್ತಾರೆ, ಎರಡನೆಯದರಲ್ಲಿ ಮಾತಿಗಾಗಿ. ಊಟದ ಮೇಜಿನ ಹರಟೆ, ಹೇಳದೆ ಉಳಿದ ಅಸೂಯೆ, ಒಂದೇ ಹೆಣ್ಣಿನ ಮೇಲೆ ಇಬ್ಬರು ಗೆಳೆಯರ ಕಣ್ಣು ಬಿದ್ದಾಗಿನ ಮೌನ ಇವೆಲ್ಲ ಮರುಓದಿನಲ್ಲಷ್ಟೇ ಪೂರ್ತಿ ಕಾಣುತ್ತವೆ. ಓಬ್ರಿಯನ್‌ಗೆ ಅತ್ಯಂತ ಪ್ರಿಯವಾದ ಕಾದಂಬರಿಕಾರ್ತಿ ಜೇನ್ ಆಸ್ಟಿನ್. ಆಕೆಯ ಇಬ್ಬರು ಸೋದರರು ಇದೇ ಕಾಲದಲ್ಲಿ ಇದೇ ನೌಕಾಪಡೆಯಲ್ಲಿದ್ದರು. ಎರಡನೆಯ ಕಾದಂಬರಿ ‘ಪೋಸ್ಟ್ ಕ್ಯಾಪ್ಟನ್’ನ ಮೊದಲ ಭಾಗ ಆಸ್ಟಿನ್ ಲೋಕದಲ್ಲೇ ನಡೆಯುತ್ತದೆ: ಹಳ್ಳಿಯ ದೊಡ್ಡಮನೆ, ಮದುವೆಗೆ ಬಂದ ಹೆಣ್ಣುಮಕ್ಕಳು, ಲೆಕ್ಕಾಚಾರದ ತಾಯಿ.

ಹೊಸದಾಗಿ ಓದಬಯಸುವವರು ಕ್ರಮವಾಗಿಯೇ ಓದಬೇಕು. ಇವು ಬಿಡಿಬಿಡಿಯಾಗಿ ರುಚಿಸುವ ಪುಸ್ತಕಗಳಲ್ಲ. ಹಗ್ಗ, ಹಾಯಿಗಳ ಹೆಸರು ತಿಳಿಯದಿದ್ದರೆ ಹೆದರದೆ ದಾಟಿ ಮುಂದೆ ಹೋಗಬಹುದು, ನಿಘಂಟನ್ನು ಎರಡನೆಯ ಸುತ್ತಿಗೆ ಇಟ್ಟುಕೊಂಡರೆ ಸಾಕು. ಮೊದಲನೆಯದು ಬಿಗಿಯೆನಿಸಿದರೂ ಮೂರನೆಯದರವರೆಗೆ ಮಾಲೆಗೆ ಅವಕಾಶ ಕೊಡಿ. ‘ಎಚ್‌ಎಂಎಸ್ ಸರ್‌ಪ್ರೈಸ್’ ಓದಿ ಮುಗಿಸಿಯೂ ನಾಲ್ಕನೆಯದು ಬೇಡವೆನಿಸಿದರೆ ಅಲ್ಲಿಗೇ ನಿಲ್ಲಿಸಬಹುದು.